ಮಗಳ ಪ್ರೀಸ್ಕೂಲ್, 22 ತಿಂಗಳ ನಂತರ: ಬಾಗಿಲ ಬಳಿಯ ಐದು ನಿಮಿಷದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ

ಮಗಳನ್ನು ಈ ಪ್ರೀಸ್ಕೂಲಿಗೆ ಸೇರಿಸಿದಾಗ ಅವಳಿಗೆ 2 ವರ್ಷ 9 ತಿಂಗಳು. ಈಗ ನಾಲ್ಕೂವರೆ ದಾಟಿದೆ. ಬೆಳಗ್ಗೆ ಬಿಡುವುದು, ಮಧ್ಯಾಹ್ನ ಕರೆತರುವುದು ಎರಡೂ ಹೆಚ್ಚಾಗಿ ನನ್ನದೇ ಕೆಲಸ. ಹಾಗಾಗಿ ಆ ಬಾಗಿಲ ಮುಂದೆ ನಾನು ನಿಂತಷ್ಟು ನಮ್ಮ ಮನೆಯಲ್ಲಿ ಇನ್ಯಾರೂ ನಿಂತಿಲ್ಲ.

ಸೇರಿಸುವ ಮೊದಲು ನಾನೂ ಸಾಕಷ್ಟು ವಿಮರ್ಶೆ ಓದಿದ್ದೆ. ಬಹುಪಾಲು ಮೊದಲ ವಾರದಲ್ಲೇ ಬರೆದಂಥವು. ಗೋಡೆಯ ಬಣ್ಣ ಚೆನ್ನಾಗಿದೆ, ಜಾರುಬಂಡೆ ದೊಡ್ಡದಿದೆ, ಎಲ್ಲರೂ ನಗುನಗುತ್ತಾ ಮಾತಾಡಿಸುತ್ತಾರೆ ಅಂತ. ಸುಳ್ಳೇನಲ್ಲ. ಆದರೆ ಎರಡನೇ ತಿಂಗಳ ಹೊತ್ತಿಗೆ ಜಾರುಬಂಡೆ ಹಳತಾಗಿರುತ್ತದೆ. ಅಪ್ಪ ಹೊರಟುಹೋದ ಮೇಲೆ ಅಳು ಬಂದರೆ ಯಾರ ಹತ್ತಿರ ಹೋಗಬೇಕು, ಅದು ಮಗುವಿಗೆ ಗೊತ್ತಿದೆಯಾ ಅನ್ನುವುದೇ ಮುಖ್ಯವಾಗುತ್ತದೆ. ಅದು ಮೊದಲ ವಾರದಲ್ಲಿ ಗೊತ್ತಾಗುವ ಸಂಗತಿಯಲ್ಲ.

ನಾವು ನಾಲ್ಕು ಕಡೆ ನೋಡಿದ್ದೆವು. ಮೂರು ಕಡೆ ಅವರು ನಮ್ಮ ಜೊತೆ ಮಾತಾಡಿದರು. ಇಲ್ಲಿ ಮಾತ್ರ ಟೀಚರ್ ಮೊದಲು ಕೆಳಗೆ ಕೂತು ಮಗಳ ಕೈಲಿದ್ದ ಬಟ್ಟೆ ಗೊಂಬೆಯ ಹೆಸರು ಕೇಳಿದರು. ಅವಳು ಉತ್ತರ ಕೊಡಲಿಲ್ಲ, ನನ್ನ ಕಾಲ ಹಿಂದೆ ಅಡಗಿದಳು. ಟೀಚರ್ ಮತ್ತೆ ಕೇಳಲೂ ಇಲ್ಲ, ಕೆನ್ನೆ ಹಿಂಡಲೂ ಇಲ್ಲ. ಸುಮ್ನೆ ಪಕ್ಕದಲ್ಲಿ ಕೂತು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಾ ಇದ್ದರು. ಹತ್ತು ನಿಮಿಷದ ಮೇಲೆ ಮಗಳು ತಾನೇ ಒಂದು ತುಂಡು ಎತ್ತಿ ಕೊಟ್ಟಳು. ಅವತ್ತೇ ನಿರ್ಧಾರ ಆಯಿತು. ಆ ಕೋಣೆಯಲ್ಲಿ 14 ಮಕ್ಕಳು, ಇಬ್ಬರು ಟೀಚರ್, ಒಬ್ಬರು ಆಯಾ ಇದ್ದರು. ಈ ಲೆಕ್ಕ ಕೇಳುವಾಗ ಒಂದು ವಿಷಯ ನೆನಪಿಡಿ. ಇಡೀ ಶಾಲೆಯ ಲೆಕ್ಕ ಬೇಡ, ನಿಮ್ಮ ಮಗು ಕೂರುವ ಕೋಣೆಯದ್ದು ಕೇಳಿ. ಅದೂ ಟೀಚರ್ ಒಬ್ಬರು ರಜೆ ಹಾಕಿದ ದಿನ ಎಷ್ಟಿರುತ್ತದೆ ಅಂತ ಕೇಳಿ.

ಇವರ ಹೊಂದಿಸುವ ಕ್ರಮ ನನಗೆ ತುಂಬಾ ಹಿಡಿಸಿತು. ಮೊದಲ ಮೂರು ದಿನ ಮಗುವಿನ ಜೊತೆ ಮನೆಯವರೊಬ್ಬರು ಕೋಣೆಯಲ್ಲೇ ಇರಬೇಕು. ದಿನಕ್ಕೆ ಒಂದು ಗಂಟೆ ಅಷ್ಟೇ. ನಾವು ಆಟ ಆಡಿಸುವ ಹಾಗಿಲ್ಲ, ಮೂಲೆಯಲ್ಲಿ ಕೂತಿರಬೇಕು, ಮಗು ಬಂದರೆ ತಬ್ಬಿಕೊಳ್ಳಬೇಕು. ನಾಲ್ಕನೇ ದಿನ ಹೇಳಿ ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ವಾಪಸ್ ಬರಬೇಕು. ಇದು ಅವರೇ ಕಂಡುಹಿಡಿದ ಕ್ರಮವಲ್ಲ. 1980ರ ದಶಕದಲ್ಲಿ ಬರ್ಲಿನ್‌ನಲ್ಲಿ ರೂಪಿಸಿದ ಕ್ರಮ ಹೆಚ್ಚುಕಡಿಮೆ ಇದೇ. ಅದರಲ್ಲೂ ಮೊದಲ ಮೂರು ದಿನ ಮಗುವನ್ನು ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೇ ದಿನದ ಮೊದಲ ಅಗಲಿಕೆ ಅರ್ಧ ಗಂಟೆ ಮೀರಬಾರದು. ಆ ದಿನ ಟೀಚರ್ ಸಮಾಧಾನ ಮಾಡಿದರೆ ಮಗು ಒಪ್ಪುತ್ತದೆಯೋ ಇಲ್ಲವೋ ನೋಡಿ ಮುಂದಿನದ್ದು ನಿರ್ಧಾರ. ಕೆಲವು ಮಕ್ಕಳಿಗೆ ಒಂದು ವಾರ ಸಾಕು, ಕೆಲವರಿಗೆ ಎರಡು ಮೂರು ವಾರ ಬೇಕು. ಆತುರ ಪಟ್ಟರೆ ಆಗುವ ಕೆಲಸವಲ್ಲ.

ನಮ್ಮಲ್ಲಿ ಐದನೇ ದಿನ ತಪ್ಪಾಯಿತು. ಮಗಳು ನೀರಿನ ತೊಟ್ಟಿಯ ಹತ್ತಿರ ಆಡುತ್ತಿದ್ದಳು. ಹೊಸದಾಗಿ ಬಂದಿದ್ದ ಆಯಾ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು, "ಸಾರ್, ಆಟದಲ್ಲಿದ್ದಾಳೆ, ಈಗಲೇ ಹೋಗ್ಬಿಡಿ, ಗೊತ್ತೇ ಆಗಲ್ಲ." ನಾನು ಹೋಗಿಬಿಟ್ಟೆ. ಅವರದ್ದು ಒಳ್ಳೆಯ ಉದ್ದೇಶವೇ. ಅಳುವುದನ್ನು ನೋಡಲಾಗದೆ ನಾನೂ ಒಪ್ಪಿದೆ. ಆದರೆ ಅವಳು ತಿರುಗಿ ನೋಡಿದಾಗ ನಾನಿರಲಿಲ್ಲ. ಅದರ ಮುಂದಿನ ಒಂಬತ್ತು ದಿನ ಮನೆಯಲ್ಲಿ ನಾನು ಬಚ್ಚಲಿಗೆ ಹೋದರೂ ಬಾಗಿಲಿಗೆ ಕೈ ಬಡಿಯುತ್ತಾ ನಿಲ್ಲುತ್ತಿದ್ದಳು. ಶಾಲೆಯಲ್ಲಿ ಆಟಕ್ಕೆ ಕೂರುವುದನ್ನೇ ಬಿಟ್ಟಳು. ಆಟದಲ್ಲಿ ಮೈಮರೆತರೆ ಅಪ್ಪ ಮಾಯ ಆಗುತ್ತಾರೆ ಅಂತ ಅವಳು ಕಲಿತಿದ್ದಳು, ಅಲ್ವಾ? ಇದನ್ನು ಓದುವವರು ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ. ಕದ್ದು ಹೋಗಬೇಡಿ. ಅತ್ತರೂ ಪರವಾಗಿಲ್ಲ, ಮುಖ ನೋಡಿ ಹೇಳಿಯೇ ಹೋಗಿ.

ಸರಿ ಮಾಡಿದ್ದು ಟೀಚರ್. ದಿನಾ ಒಂದೇ ಕ್ರಮ ಇಡೋಣ ಅಂದರು. ಚಪ್ಪಲಿ ಗೂಡಿನಲ್ಲಿ ಇಡುವುದು, ಒಂದು ಸಲ ಗಟ್ಟಿಯಾಗಿ ತಬ್ಬಿಕೊಳ್ಳುವುದು, ಆಮೇಲೆ ಕಿಟಕಿಯಿಂದ ಕೈ ಬೀಸುವುದು. ಒಟ್ಟು ಐದು ನಿಮಿಷ. "ಬೇಗ ಬರ್ತೀನಿ" ಅನ್ನಬೇಡಿ, ಅವಳಿಗೆ ಬೇಗ ಅಂದರೆ ಎಷ್ಟು ಅಂತ ಗೊತ್ತಾಗಲ್ಲ ಅಂತಲೂ ಹೇಳಿದರು. ಅದಕ್ಕೆ ನಾನು "ಕಥೆ ಮುಗಿದ ಕೂಡಲೇ ಬರ್ತೀನಿ ಪುಟ್ಟಿ" ಅನ್ನಲು ಶುರು ಮಾಡಿದೆ. ಈ ವಯಸ್ಸಿನವರಿಗೆ ಗಂಟೆಯ ಲೆಕ್ಕ ಇಲ್ಲ. ಆದರೆ ಯಾವುದು ಆದ ಮೇಲೆ ಯಾವುದು ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಹಾಗೆ ಹೇಳಿದ ಮೇಲೆ ನಾನು ಕಥೆ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಇರಲೇಬೇಕಿತ್ತು. ಮೊದಲ ಎರಡು ತಿಂಗಳು ಒಂದು ದಿನವೂ ತಡ ಮಾಡಲಿಲ್ಲ.

ಇನ್ನೊಂದು ಸಹಾಯ ಮಾಡಿದ್ದು ಅವಳಮ್ಮನ ಹಳೆಯ ಬಟ್ಟೆಯ ಒಂದು ತುಂಡು. ಚೀಲದಲ್ಲಿ ಇಟ್ಟು ಕಳಿಸುತ್ತಿದ್ದೆವು. ಮಕ್ಕಳು ಹೀಗೆ ಒಂದು ಬಟ್ಟೆಯನ್ನೋ ಗೊಂಬೆಯನ್ನೋ ಹಿಡಿದುಕೊಂಡು ಧೈರ್ಯ ತಂದುಕೊಳ್ಳುವುದರ ಬಗ್ಗೆ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1951ರಷ್ಟು ಹಿಂದೆಯೇ ವಿವರವಾಗಿ ಹೇಳಿದ್ದರು. ಕೆಲವು ಕಡೆ ಮನೆಯಿಂದ ಏನೂ ತರಬಾರದು ಅನ್ನುವ ನಿಯಮ ಇರುತ್ತದೆ. ಇಲ್ಲಿ ಹಾಗಿಲ್ಲ. ಆ ತುಂಡನ್ನು ಒಗೆಯಬೇಡಿ, ಅಮ್ಮನ ವಾಸನೆ ಹೋಗುತ್ತದೆ ಅಂತ ಟೀಚರ್ ಹೇಳಿಕಳಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಅಷ್ಟು ಸಣ್ಣದನ್ನು ಗಮನಿಸುವವರು ಸಿಕ್ಕಿದ್ದು ನಮ್ಮ ಪುಣ್ಯ.

ಅಳುವಿನ ಬಗ್ಗೆ ಇವರು ಸುಳ್ಳು ಹೇಳಲಿಲ್ಲ. "ನೀವು ಹೋದ ತಕ್ಷಣ ಸುಮ್ಮನಾದಳು" ಅನ್ನುವುದು ಎಲ್ಲ ಕಡೆ ಕೇಳುವ ಮಾತು. ಇಲ್ಲಿ ಟೀಚರ್, "ಇವತ್ತು ಹದಿನೈದು ನಿಮಿಷ ಅತ್ತಳು, ಎತ್ತಿಕೊಂಡಿದ್ದೆ, ಆಮೇಲೆ ಮಣ್ಣಿನ ಹತ್ತಿರ ಹೋದಳು" ಅನ್ನುತ್ತಿದ್ದರು. ಅಳು ನಿಂತಿತು ಅಂದರೆ ಮನಸ್ಸು ತಿಳಿಯಾಯಿತು ಅಂತಲೂ ಅಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಿಶುಪಾಲನಾ ಕೇಂದ್ರಕ್ಕೆ ಹೊಸದಾಗಿ ಸೇರಿದ 15 ತಿಂಗಳ ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದಿದ್ದರು. ಅದು ಒತ್ತಡದಲ್ಲಿ ಏರುವ ಹಾರ್ಮೋನು. ತಾಯಿ ಬಿಟ್ಟು ಹೋದ ಮೊದಲ ದಿನಗಳಲ್ಲಿ ಅದು ಮನೆಯಲ್ಲಿದ್ದಾಗಿನದಕ್ಕಿಂತ ತುಂಬಾ ಏರಿತ್ತು. ಐದು ತಿಂಗಳಾದ ಮೇಲೂ ಪೂರ್ತಿ ಇಳಿದಿರಲಿಲ್ಲ. ನಮ್ಮ ಮಗಳು ಅವರಿಗಿಂತ ದೊಡ್ಡವಳು, ಹಾಗಾಗಿ ಅದನ್ನು ಹಾಗೇ ಅವಳಿಗೆ ಅನ್ವಯಿಸಲಾಗದು. ಆದರೂ ಅದನ್ನು ಓದಿದ ಮೇಲೆ ಅವಳ ಸಂಜೆಗಳು ನನಗೆ ಅರ್ಥವಾದವು. ಶಾಲೆಯಲ್ಲಿ ಜಾಣೆ, ಮನೆಗೆ ಬಂದರೆ ರಚ್ಚೆ. ಲೋಟದ ಬಣ್ಣ ಬೇರೆ ಆಯಿತು ಅಂತ ಅರ್ಧ ಗಂಟೆ ಅಳು. ಹಗಲೆಲ್ಲ ತಡೆದುಕೊಂಡದ್ದನ್ನು ನಮ್ಮ ಹತ್ತಿರ ಇಳಿಸುತ್ತಿದ್ದಳು. ಆಗ ನಾವು ಮಾಡಿದ್ದು ಇಷ್ಟೇ. ಸಂಜೆ ಎಲ್ಲಿಗೂ ಹೋಗುವುದು ಬಿಟ್ಟೆವು. ರಾತ್ರಿ ಮುಕ್ಕಾಲು ಗಂಟೆ ಮುಂಚೆ ಮಲಗಿಸಿದೆವು. 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಶಾಲೆಗೆ ಸೇರಿದ ಮೇಲೆ ಇವಳ ಹಗಲಿನ ನಿದ್ದೆ ನಿಂತೇಹೋಗಿತ್ತು.

ಬೆಳಗ್ಗೆಯ ಅಳುವಿಗಿಂತ ಮಧ್ಯಾಹ್ನದ ಭೇಟಿಯನ್ನು ನೋಡಬೇಕು ಅಂತ ನನಗೆ ನಿಧಾನವಾಗಿ ತಿಳಿಯಿತು. ಮೇರಿ ಐನ್ಸ್‌ವರ್ತ್ ಅನ್ನುವ ಮನೋವಿಜ್ಞಾನಿ ತಾಯಿ-ಮಗುವಿನ ನಂಟನ್ನು ಅಧ್ಯಯನ ಮಾಡುವಾಗ ಹೆಚ್ಚು ಗಮನ ಕೊಟ್ಟದ್ದು ತಾಯಿ ಹೊರಟಾಗ ಮಗು ಎಷ್ಟು ಅತ್ತಿತು ಅನ್ನುವುದಕ್ಕಲ್ಲ, ವಾಪಸ್ ಬಂದಾಗ ಏನು ಮಾಡಿತು ಅನ್ನುವುದಕ್ಕೆ. ನಮ್ಮವಳು ಮೊದಲು ಓಡಿ ಬಂದು ಅಪ್ಪಿಕೊಂಡು ಅಳುತ್ತಿದ್ದಳು. ಆರನೇ ವಾರದಲ್ಲಿ ಓಡಿ ಬಂದು, ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ತಾನು ಮಾಡಿದ ಮಣ್ಣಿನ ಹಾವು ತೋರಿಸಿದಳು. ಅವತ್ತು ಬೆಳಗ್ಗೆಯೂ ಅತ್ತಿದ್ದಳು. ಆದರೂ ಹೊಂದಿಕೊಂಡಳು ಅಂತ ನನಗೆ ಅನಿಸಿದ್ದು ಅವತ್ತೇ.

ಕಾಯಿಲೆ ಬಗ್ಗೆ. ಮೊದಲ ವರ್ಷ ಮೂಗು ಸೋರುವುದು ನಿಲ್ಲಲೇ ಇಲ್ಲ ಅನ್ನಬಹುದು. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಸಾಮಾನ್ಯ, ಗುಂಪಿನಲ್ಲಿ ಇರುವವರಿಗೆ ಇನ್ನೂ ಜಾಸ್ತಿ. ಕೈ-ಕಾಲು-ಬಾಯಿ ರೋಗ ಒಂದು ಸಲ ಇಡೀ ಕೋಣೆಗೆ ಬಂತು. ಜ್ವರ ಔಷಧಿಯಿಲ್ಲದೆ ಇಳಿದು 24 ಗಂಟೆ ಆಗುವ ತನಕ ಕಳಿಸಬಾರದು ಅನ್ನುವ ನಿಯಮ ಇಲ್ಲಿ ಕಟ್ಟುನಿಟ್ಟು. ನಿಮಗೆ ರಜೆ ಸಿಗದ ಕೆಲಸವಾಗಿದ್ದರೆ ಮೊದಲ ವರ್ಷಕ್ಕೆ ಮನೆಯಲ್ಲಿ ಇನ್ನೊಬ್ಬರ ಸಹಾಯ ಮೊದಲೇ ಗೊತ್ತು ಮಾಡಿಕೊಳ್ಳಿ. ಜ್ವರದಿಂದ ಎದ್ದ ಮೇಲೆ ಬಾಗಿಲಿನ ಅಳು ಮತ್ತೆ ಮೊದಲಿಂದ ಶುರುವಾಗುತ್ತದೆ. ಎರಡು ಮೂರು ದಿನ ಅಷ್ಟೇ, ಹೆದರಬೇಡಿ.

ಚಡ್ಡಿ ಒದ್ದೆಯಾಗುವುದನ್ನು ಇಲ್ಲಿ ಯಾರೂ ದೊಡ್ಡದು ಮಾಡಲಿಲ್ಲ. ಎರಡು ಜೊತೆ ಬಟ್ಟೆ ಕಳಿಸಿದರೆ ಸಾಕು.

ಈಗ ನನಗೆ ಬೇಜಾರಾದ ವಿಷಯ. ಐದನೇ ತಿಂಗಳಲ್ಲಿ ಒಂದು ಸೋಮವಾರ ಹೋದರೆ ಆ ಟೀಚರ್ ಇಲ್ಲ. ದೊಡ್ಡ ಮಕ್ಕಳ ಕೋಣೆಗೆ ಕಳಿಸಿದ್ದಾರೆ. ನಮಗೆ ಒಂದು ಮಾತೂ ಹೇಳಿರಲಿಲ್ಲ. ಮಗಳು ಬಾಗಿಲಲ್ಲೇ ನಿಂತು ಅವರ ಹೆಸರು ಕರೆಯುತ್ತಿದ್ದಳು. ಹೊಸಬರೂ ಒಳ್ಳೆಯವರೇ. ಆದರೆ ಮಗುವಿಗೆ ಅದು ಸಿಬ್ಬಂದಿ ಬದಲಾವಣೆ ಅಲ್ಲ, ತನ್ನವರೊಬ್ಬರು ಹೇಳದೆ ಹೋದ ಹಾಗೆ. ನಾನು ಐದನೇ ದಿನ ಮಾಡಿದ ತಪ್ಪನ್ನೇ ಶಾಲೆ ಐದನೇ ತಿಂಗಳಲ್ಲಿ ಮಾಡಿತು. ಮತ್ತೆ ಎರಡು ವಾರ ಅಳು, ರಾತ್ರಿ ಹಾಸಿಗೆ ಒದ್ದೆ, ಬಟ್ಟೆ ತುಂಡು ಇಲ್ಲದೆ ಅಲುಗಾಡುತ್ತಿರಲಿಲ್ಲ. ನಾನು ಕೂತು ಮಾತಾಡಿದೆ, ಸ್ವಲ್ಪ ಜೋರಾಗಿಯೇ. ಮೊದಲಿಗೆ "ಮಕ್ಕಳು ಬೇಗ ಮರೀತಾರೆ ಸಾರ್" ಅಂದರು. ಆ ಮಾತು ನನಗೆ ಈಗಲೂ ಒಪ್ಪಿಗೆಯಿಲ್ಲ. ಕೊನೆಗೆ ಹಳೆಯ ಟೀಚರ್ ದಿನಾ ಬೆಳಗ್ಗೆ ಹತ್ತು ನಿಮಿಷ ಬಂದು ಮಗಳ ಕೈಯನ್ನು ಹೊಸ ಟೀಚರ್ ಕೈಗೆ ಕೊಟ್ಟು ಹೋಗುವುದು ಅಂತಾಯಿತು. ಎಂಟು ದಿನದಲ್ಲಿ ಎಲ್ಲ ಸರಿಹೋಯಿತು. ಇದನ್ನು ಮೊದಲೇ ಮಾಡಬಹುದಿತ್ತು.

ಮೊಬೈಲ್ ಆ್ಯಪ್ ಇದೆ. ಮೊದಲು ದಿನಕ್ಕೆ ಐದಾರು ಫೋಟೊ ಬರುತ್ತಿತ್ತು. ಮೊದಲ ತಿಂಗಳು ಕೆಲಸ ಬಿಟ್ಟು ಅದನ್ನೇ ನೋಡುತ್ತಿದ್ದೆ. ಆಮೇಲೆ ಯೋಚನೆ ಬಂತು, ಫೋಟೊ ತೆಗೆಯುವ ಹೊತ್ತಲ್ಲಿ ಟೀಚರ್ ಕೈಯಲ್ಲಿ ಮಗು ಇರುವುದಿಲ್ಲ. ಕೆಲವು ಪೋಷಕರು ಸೇರಿ ವಾರಕ್ಕೆ ಎರಡು ಸಾಕು ಅಂತ ಕೇಳಿದೆವು. ಅವರು ಒಪ್ಪಿದರು, ಸಂತೋಷವಾಗಿಯೇ.

ಇಲ್ಲಿ ನಾಲ್ಕು ವರ್ಷದ ತನಕ ಬರೆಸುವುದಿಲ್ಲ. ಮಣ್ಣು, ಕತ್ತರಿ, ಮಣಿ ಪೋಣಿಸುವುದು, ನೀರು ಸುರಿಯುವುದು, ಕಥೆ, ಹಾಡು. ನಮ್ಮ ಕಡೆಯವರು ಇನ್ನೂ ಅಕ್ಷರ ಬರಲ್ವಾ ಅಂತ ಕೇಳಿದಾಗ ಆರು ತಿಂಗಳು ನನಗೂ ಕಳವಳ ಇತ್ತು. ಅದೇ ಕಾರಣಕ್ಕೆ ಎರಡು ಮಕ್ಕಳನ್ನು ಬಿಡಿಸಿ ಬೇರೆ ಕಡೆ ಹಾಕಿದರು. ಆದರೆ ಇದು ಹೊಸ ಪ್ರಯೋಗವೇನಲ್ಲ. ಫ್ರೀಡ್ರಿಕ್ ಫ್ರೋಬೆಲ್ ಜರ್ಮನಿಯಲ್ಲಿ 1837ರಲ್ಲಿ ಸಣ್ಣ ಮಕ್ಕಳ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಮಕ್ಕಳ ತೋಟ ಅನ್ನುವ ಅರ್ಥದ ಕಿಂಡರ್‌ಗಾರ್ಟನ್ ಹೆಸರಿಟ್ಟಾಗ ಕೈಗೆ ಕೊಟ್ಟದ್ದು ಉಲ್ಲನ್ ಚೆಂಡು, ಮರದ ಗುಂಡು, ಘನಗಳನ್ನು. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನಲ್ಲಿ ಶುರು ಮಾಡಿದ ಮಕ್ಕಳ ಮನೆಯಲ್ಲೂ ಗುಂಡಿ ಹಾಕುವುದು, ನೀರು ಸುರಿಯುವುದು ಪಾಠವೇ ಆಗಿತ್ತು. ಕೈಬೆರಳು ಗಟ್ಟಿಯಾಗದೆ ಪೆನ್ಸಿಲ್ ಹಿಡಿಸಿದರೆ ಮಗುವಿಗೆ ಸಿಗುವುದು ಕೈನೋವು. ಹೋದ ತಿಂಗಳು ಮಗಳು ತಾನಾಗಿಯೇ ತನ್ನ ಹೆಸರಿನ ಮೊದಲ ಅಕ್ಷರ ಗೀಚಿ ಫ್ರಿಜ್ ಮೇಲೆ ಅಂಟಿಸಿದಳು. ತಲೆಕೆಳಗಾಗಿತ್ತು. ನಾನು ಸರಿ ಮಾಡಲು ಹೋಗಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಆ ಸೋಮವಾರಕ್ಕೆ. ಬೇಗ ಬರೆಯಲು ಕಲಿಯಬೇಕು ಅನ್ನುವವರಿಗೆ, ಮೊದಲ ವಾರ ಮಗುವಿನ ಜೊತೆ ಕೂರಲು ಯಾರಿಗೂ ಸಮಯವಿಲ್ಲದ ಮನೆಯವರಿಗೆ ಈ ಜಾಗ ಹೊಂದುವುದು ಕಷ್ಟ.

ಮಗನಿಗೆ ಮುಂದಿನ ವರ್ಷ ಎರಡೂವರೆ ಆಗುತ್ತದೆ. ಅವನ ಅರ್ಜಿಯನ್ನೂ ಇಲ್ಲಿಗೇ ಕೊಟ್ಟಿದ್ದೇವೆ. ಅರ್ಜಿಯ ಜೊತೆ ಒಂದು ಚೀಟಿ ಇಟ್ಟೆ. ಅವನ ಟೀಚರ್ ಬದಲಾಗುವುದಾದರೆ ಒಂದು ವಾರ ಮುಂಚೆ ನಮಗೂ ಅವನಿಗೂ ಹೇಳಬೇಕು ಅಂತ ಅದರಲ್ಲಿ ಬರೆದಿದ್ದೆ. ಅವರು ಓದಿ, ಕೆಳಗೆ ಸಹಿ ಹಾಕಿ ಒಂದು ಪ್ರತಿ ವಾಪಸ್ ಕೊಟ್ಟರು.