ಬೆಂಗಳೂರಿನ ಟಿಕೆಟ್, ಕಲಬುರಗಿಯ ಧೂಳು

ಎರಡೂ ಕಡೆ ಕೆಲಸದ ಹೆಸರು ಒಂದೇ: ಐಟಿ ಸಪೋರ್ಟ್. ಬೆಂಗಳೂರಿನಲ್ಲಿ ನಾಲ್ಕು ವರ್ಷ ಹೊರದೇಶದ ಕಂಪನಿಗಳ ಕಂಪ್ಯೂಟರ್‌ಗಳನ್ನು ಕುಳಿತಲ್ಲಿಂದಲೇ ರಿಪೇರಿ ಮಾಡಿದೆ. 2022ರಿಂದ ಕಲಬುರಗಿಯಲ್ಲಿ ಮನೆ, ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರ ಐಟಿ ವಿಭಾಗದಲ್ಲಿ ನೌಕರಿ. ಊರಿಗೆ ಮರಳಲೇ ಎಂದು ಕೇಳುವ ಹುಡುಗರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಂಬಳದ ಮಾತು ಮೊದಲು ಮುಗಿಸುತ್ತೇನೆ. ಅಲ್ಲಿ 42 ಸಾವಿರ, ಇಲ್ಲಿ 31 ಸಾವಿರ. ಬಾಡಿಗೆ, ಊಟ ಕಳೆದು ನೋಡಿದರೆ ಇಲ್ಲಿಯೇ ಹೆಚ್ಚು ಉಳಿಯುತ್ತದೆ. ಅವ್ವ ಬಡಿದ ರೊಟ್ಟಿಗೆ ಬಿಲ್ ಬರುವುದಿಲ್ಲ.

ಬೆಂಗಳೂರಿನಲ್ಲಿ ಟಿಕೆಟ್, ಅಂದರೆ ದೂರಿನ ದಾಖಲೆ, ತೆರೆದ ಕ್ಷಣದಿಂದ ಗಡಿಯಾರ ಓಡುತ್ತಿತ್ತು. ಪ್ರಿಂಟರ್ ಸರಿಯಾಗದಿದ್ದರೂ ವೇಳೆಗೆ ಟಿಕೆಟ್ ಮುಚ್ಚಿದರೆ ಹಸಿರು. ಸರಿಪಡಿಸಿ ಐದು ನಿಮಿಷ ತಡವಾಗಿ ಮುಚ್ಚಿದರೆ ಕೆಂಪು. ರಾತ್ರಿ ಪಾಳಿ ಬೇರೆ. ಶರಣಬಸವೇಶ್ವರರ ತೇರಿಗೆ ಒಂದು ವರ್ಷವೂ ರಜೆ ಸಿಗಲಿಲ್ಲ.

ಕಾರ್ಖಾನೆಯಲ್ಲಿ ಟಿಕೆಟ್ ಇಲ್ಲ. ಕ್ಯಾಂಟೀನಿನಲ್ಲಿ ಹೆಗಲ ಮೇಲೆ ಕೈ ಬೀಳುತ್ತದೆ. ಲಾರಿ ತೂಗುವ ವೇಬ್ರಿಡ್ಜಿನ ಕಂಪ್ಯೂಟರ್ ನಿಂತರೆ ಗೇಟಿನಾಚೆಗೂ ಲಾರಿಗಳ ಸಾಲು. ಒಮ್ಮೆ ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ಬಿಸಿಲು, ತೂಕದ ಅಂಕಿ ಪರದೆಗೆ ಬರುತ್ತಿರಲಿಲ್ಲ. ಸಾಫ್ಟ್‌ವೇರನ್ನೆಲ್ಲ ತಡಕಾಡಿದ ಮೇಲೆ ನೋಡಿದರೆ, ಸೀರಿಯಲ್ ಕೇಬಲ್ಲಿನ ಪಿನ್ನುಗಳ ನಡುವೆ ಸಿಮೆಂಟ್ ಪುಡಿ ಗಟ್ಟಿಯಾಗಿ ಕೂತಿದೆ! ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಸಿಕ್ಕಿಸಿದೆ. ಚೀಟಿ ಹೊರಬಂದಾಗ ಚಾಲಕರೊಬ್ಬರು, ‘ಸಾಹೇಬರೇ, ಆ ಬ್ರಷ್ ಇಲ್ಲಿಯೇ ಬಿಟ್ಟು ಹೋಗಿರಿ’ ಎಂದರು. ಬೆಂಗಳೂರಿನಲ್ಲಿ ನಾನು ರಿಪೇರಿ ಮಾಡಿದ ಯಂತ್ರದ ಮುಂದೆ ಕುಳಿತವರ ಮುಖವನ್ನು ಒಮ್ಮೆಯೂ ನೋಡಿದ್ದಿಲ್ಲ.

ಬೈಗುಳವೂ ಮುಖಾಮುಖಿಯೇ ಎನ್ನಿ. ಸಿಸಿಟಿವಿ, ಹಾಜರಿಯ ಬೆರಳಚ್ಚು ಯಂತ್ರ, ಅಧಿಕಾರಿಯ ಮಗಳ ಲ್ಯಾಪ್‌ಟಾಪ್, ಅತಿಥಿಗೃಹದ ಟಿವಿ ರಿಮೋಟ್ ಎಲ್ಲವೂ ನಮ್ಮ ತಲೆಗೇ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದು 2024ರ ಜುಲೈ 19, ಶುಕ್ರವಾರ. ಭದ್ರತಾ ತಂತ್ರಾಂಶವೊಂದರ ದೋಷದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮಲ್ಲಿ 60. ಒಂದೊಂದನ್ನೂ ಸೇಫ್ ಮೋಡ್‌ನಲ್ಲಿ, ಅಂದರೆ ಅಗತ್ಯದ ಭಾಗಗಳಷ್ಟೇ ಓಡುವಂತೆ, ತೆರೆದು ಆ ದೋಷದ ಫೈಲ್ ಅಳಿಸಬೇಕು. ಡಿಸ್ಕಿಗೆ ಬೀಗವಿದ್ದರೆ ಮೊದಲು 48 ಅಂಕಿಯ ಕೀ ಒತ್ತಬೇಕು. ಇಬ್ಬರೇ ಕೀಗಳ ಹಾಳೆ ಹಿಡಿದು ಮೇಜಿನಿಂದ ಮೇಜಿಗೆ ನಡೆದು ರಾತ್ರಿ ಎಂಟಕ್ಕೆ ಮುಗಿಸಿದೆವು. ಬೆಂಗಳೂರಿನ ಹಳೆಯ ತಂಡದ ಗೆಳೆಯ ಅಂಥದೇ ಅಂಕಿಗಳನ್ನು ಫೋನಿನಲ್ಲಿ ಒಂದೊಂದಾಗಿ ಓದಿ ಹೇಳುತ್ತ ಭಾನುವಾರದವರೆಗೆ ಕಚೇರಿಯಲ್ಲಿಯೇ ಇದ್ದ. ಅವನಿಗೆ ಸೋಮವಾರ ರಜೆ ಸಿಕ್ಕಿತು. ನಮಗೆ ಕ್ಯಾಂಟೀನಿನ ಚಹಾ.

ಕಲಿಕೆಯಲ್ಲಿ ಮಾತ್ರ ಬೆಂಗಳೂರಿನದೇ ಮೇಲುಗೈ. ಅಲ್ಲಿ ತಿಳಿಯದ್ದನ್ನು ಪಕ್ಕದ ಕುರ್ಚಿಯವರನ್ನು ಕೇಳುತ್ತಿದ್ದೆ. ಇಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಆದ್ದರಿಂದ ಓದು ಮುಗಿದ ಕೂಡಲೇ ಇಲ್ಲಿಗೆ ಬರಬೇಡಿ, ಮೂರ್ನಾಲ್ಕು ವರ್ಷ ಅಲ್ಲಿ ಪೆಟ್ಟು ತಿಂದು ಬನ್ನಿ ಎನ್ನುತ್ತೇನೆ.

ನನ್ನ ಮಟ್ಟಿಗೆ ಕಾರ್ಖಾನೆಯೇ ವಾಸಿ, ಖರೀದಿಯ ವಿಷಯವೊಂದನ್ನು ಬಿಟ್ಟರೆ. ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೊಸ ಯಂತ್ರಗಳಿಗೆ ಅದಕ್ಕೂ ಆರು ತಿಂಗಳ ಮೊದಲೇ ಬರೆದ ಕಡತ ಇನ್ನೂ ಲೆಕ್ಕಪತ್ರ ವಿಭಾಗದಲ್ಲಿದೆ. ವೈರಸ್ ನುಗ್ಗದಿರಲೆಂದು ವೇಬ್ರಿಡ್ಜಿನ ಹಳೆಯ ಕಂಪ್ಯೂಟರಿನ ಇಂಟರ್‌ನೆಟ್ ತಂತಿ ಕಿತ್ತಿಟ್ಟು, ದಿನಕ್ಕೆ ಎರಡು ಸಲ ಪೆನ್ ಡ್ರೈವ್‌ನಲ್ಲಿ ಲೆಕ್ಕ ಹೊತ್ತು ತರುತ್ತಿದ್ದೇನೆ.