ಕ್ಯಾರವಾನ್ ಚಾವಣಿ ಬದಲಿಸುವ ಮೊದಲು ನೀರು ಇಳಿಯುವ ಜಾಗ ಹುಡುಕಿಸಿ

ಹಳೆಯ ಟೆಂಪೊ ಟ್ರಾವೆಲರ್‌ಗೆ ಹಾಸಿಗೆ, ಪುಟ್ಟ ಅಡುಗೆಕಟ್ಟೆ ಅಳವಡಿಸಿ ಕ್ಯಾರವಾನ್ ಮಾಡಿದ್ದ ವಾಹನವೊಂದನ್ನು ನಾವು ಕಳೆದ ಬೇಸಿಗೆಯಲ್ಲಿ ಕೊಂಡೆವು. ದೇವರಾಯನದುರ್ಗಕ್ಕೆ ಎರಡು ಬಾರಿ ಹೋಗಿಬಂದಾಗಲೂ ಸೋರಿಕೆಯ ಸುಳಿವಿರಲಿಲ್ಲ. ತುಮಕೂರಿನ ಕಡೆ ಜೋರು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಹಿಂಬದಿಯ ಹಾಸಿಗೆಯ ಮೇಲೆ ಚಾವಣಿಯಲ್ಲಿ ಕಾಫಿ ಬಣ್ಣದ ಕಲೆ ಮೂಡಿ, ವಾರದೊಳಗೆ ಪ್ಲೈವುಡ್ ಹಪ್ಪಳದಂತೆ ಉಬ್ಬಿತು.

ಬಾಡಿ ಕಟ್ಟುವ ಶೆಡ್ಡಿನವರು ಕಲೆ ಇದ್ದಷ್ಟು ಭಾಗವನ್ನು ಕತ್ತರಿಸಿ, ಹೊಸ ಪ್ಲೈ ಕೂರಿಸಿ, ಅದರ ಮೇಲೆ ಮೈಕಾ ಅಂಟಿಸಿ, ಹೊರಗಡೆ ಸಂದು ಮುಚ್ಚುವ ಹಳೆಯ ಸಿಲಿಕಾನ್ ಅಂಟಿನ ಮೇಲೆಯೇ ಹೊಸ ಸಿಲಿಕಾನ್ ಬಳಿದು 28,000 ರೂಪಾಯಿ ಪಡೆದರು. ಹೊಳಪಿಗೆ ಮರುಳಾಗಿ ನಾವೂ ಮರುಮಾತಿಲ್ಲದೆ ಕೊಟ್ಟೆವು. ಮುಂದಿನ ಮಳೆಗೆ ಹನಿ ಬೀಳಲಿಲ್ಲ, ಮುಗ್ಗಲು ವಾಸನೆ ಬಂತು. ಬಿಚ್ಚಿಸಿ ನೋಡಿದರೆ ಬಿಸಿಲಿನ ಶಾಖ ತಡೆಯಲು ಒಳಗೆ ತುಂಬಿದ್ದ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹತ್ತಿ) ನೀರು ಹೀರಿಕೊಂಡು ಜೋತುಬಿದ್ದಿತ್ತು, ಕಬ್ಬಿಣದ ಪಟ್ಟಿಗಳಿಗೆ ತುಕ್ಕು ಹತ್ತಿತ್ತು, ದೀಪದ ವೈರಿನ ಜಾಯಿಂಟು ಹಸಿರುಗಟ್ಟಿತ್ತು. ಶೆಡ್ಡಿಗೆ ಫೋನ್ ಮಾಡಿದರೆ ಮಳೆ ನಿಂತ ಮೇಲೆ ತನ್ನಿ ಎಂದರು. ಮಳೆ ನಿಂತ ಮೇಲೆ ಸೋರಿಕೆ ಯಾರ ಕಣ್ಣಿಗೆ ಬೀಳಬೇಕು?

ನೀರು ಒಳಬರುತ್ತಿದ್ದದ್ದು ಕಲೆಯ ಮೇಲಿಂದಲ್ಲ, ಆರು ಅಡಿ ಮುಂದೆ, ಚಾವಣಿಯ ಗಾಳಿಕಿಂಡಿಯ ಚೌಕಟ್ಟಿನ ಸ್ಕ್ರೂ ತೂತುಗಳಿಂದ. ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ವಾಹನದ ಮೂತಿ ಮೇಲಾಗಿ ನಿಲ್ಲುವುದರಿಂದ, ನೀರು ಪಟ್ಟಿಯ ಗುಂಟ ಹರಿದು ಹಿಂದೆ ಬಂದು ತೊಟ್ಟಿಕ್ಕುತ್ತಿತ್ತು. ಇದನ್ನು ಪತ್ತೆಹಚ್ಚಿದ್ದು ಇನ್ನೊಬ್ಬ ಮೇಸ್ತ್ರಿ. ಅವರು ಮೊದಲು ಬ್ಯಾಟರಿಯ ಸಂಪರ್ಕ ತೆಗೆಸಿದರು. ಒಳಪದರ ಬಿಚ್ಚಿಟ್ಟು, ಹುಡುಗನೊಬ್ಬನನ್ನು ಟಾರ್ಚಿನೊಡನೆ ಒಳಗೆ ಕೂರಿಸಿ, ತಗ್ಗಿನ ಕಡೆಯಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ಹತ್ತು ನಿಮಿಷ ಪೈಪಿನ ನೀರನ್ನು ಮೆಲ್ಲಗೆ ಬಿಟ್ಟರು. ಮೇಲಿಂದಲೇ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು, ಯಾವ ತೂತಿನಿಂದ ಬಂತೆಂಬುದು ತಿಳಿಯದು. ಆಮೇಲೆ ಚೌಕಟ್ಟು ಕಳಚಿ, ಹಳೆಯ ಸಿಲಿಕಾನನ್ನು ಪೂರ್ತಿ ಕೆರೆದು (ಹಳೆಯದರ ಮೇಲೆ ಹೊಸದು ಗಟ್ಟಿಯಾಗಿ ಹಿಡಿಯುವುದಿಲ್ಲ), ಚೌಕಟ್ಟಿನ ಕೆಳಗೆ ಬ್ಯೂಟೈಲ್ ಟೇಪ್ (ನೀರು ತಡೆಯುವ ರಬ್ಬರಿನಂಥ ಅಂಟುಪಟ್ಟಿ) ಇಟ್ಟು ತುಕ್ಕು ಹಿಡಿಯದ ಸ್ಕ್ರೂ ಬಿಗಿದರು.

ಒಳಗೆ ಫ್ಯಾನ್ ಇಟ್ಟು ಎಂಟು ದಿನ ಒಣಗಿಸಿ, ಮತ್ತೆ ನೀರು ಬಿಟ್ಟು ನೋಡಿದ ಮೇಲಷ್ಟೇ ಚಾವಣಿ ಮುಚ್ಚಿದರು. ಕೂಲಿಯ ಅರ್ಧವನ್ನು ಅವರೇ ಆ ಪರೀಕ್ಷೆಯ ನಂತರ ಕೇಳಿದರು. ನೀವು ಯಾವ ಶೆಡ್ಡಿಗೆ ಕೊಟ್ಟರೂ ಈ ಷರತ್ತನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಗಾಡಿಯನ್ನು ವಾಪಸ್ ತನ್ನಿ.