ಆರು ಮಳೆಗಾಲ ಕಂಡ ಕುಳ್ಳ ಥೂಜಾ

ಮೊದಲು ದೂರು. ಗೋಲ್ಡನ್ ಥೂಜಾ, ಮೋರ್‌ಪಂಖಿ ಎಂದೆಲ್ಲ ಮಾರುವ ಗಿಡದ ಬೇರಿಗೆ ಕೆಂಪು ಜೇಡಿಯ ಗಟ್ಟಿ ಮುದ್ದೆ ಮೆತ್ತಿರುತ್ತದೆ. ಲಾರಿಯಲ್ಲಿ ಬರುವಾಗ ಬೇರು ಒಣಗದಿರಲು ಅದು ಬೇಕು, ಒಪ್ಪೋಣ. ಆದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮುರಕಲ್ಲಿನ (ಲ್ಯಾಟರೈಟ್) ಅಂಗಳದಲ್ಲಿ ಹಾಗೆಯೇ ನೆಟ್ಟರೆ ಗಿಡ ಆಟಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ದಾಟುವುದು ಕಷ್ಟ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಮುರಕಲ್ಲು ಕಡಿದ ಗುಂಡಿ ಸಣ್ಣ ಬಾವಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಜೇಡಿ ಆರುವುದೇ ಇಲ್ಲ, ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ.

ಬೇರು ಸತ್ತು ವಾರಗಳಾದರೂ ಎಲೆ ಹಸಿರಾಗಿಯೇ ಇರುತ್ತದೆ, ಮೋಸ ಹೋಗುವುದು ಇಲ್ಲೇ. ಆಟಿ ಕಳೆದು ಬರುವ ಸೋಣ ತಿಂಗಳ ಬಿಸಿಲಿಗೆ ಬಣ್ಣ ಮಾಸಿದಾಗ ನೀರು ಸಾಲದೆಂದು ಇನ್ನಷ್ಟು ಹೊಯ್ಯುತ್ತಾರೆ. ಬುಡದ ತೊಗಟೆಯನ್ನು ಉಗುರಿನಲ್ಲಿ ಕೆರೆದು ನೋಡಿ. ಒದ್ದೆ ಹಸಿರು ಕಂಡರೆ ಜೀವವಿದೆ. ಸುತ್ತಲೂ ಕಂದಾಗಿದ್ದರೆ ಕಿತ್ತುಬಿಡಿ.

ಗುಂಡಿ ಬೇಡ, ದಿಬ್ಬ ಕಟ್ಟಿ: ಒಂದಡಿ ಎತ್ತರ, ಮೂರಡಿ ಅಗಲ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಹೊಯಿಗೆ (ಮರಳು), ಒಂದು ಪಾಲು ಹಳೆಯ ಹಟ್ಟಿಗೊಬ್ಬರ. ಮುದ್ದೆಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಅದ್ದಿಟ್ಟು, ಹೊರಗಿನ ಜೇಡಿಯನ್ನು ಅರ್ಧದಷ್ಟು ಬೆರಳಿನಿಂದ ಬಿಡಿಸಿ. ಸುರುಳಿ ಸುತ್ತಿದ ಬೇರುಗಳನ್ನು ಮೂರು ಕಡೆ ಕತ್ತಿಯಿಂದ ಸೀಳಿ. ಮುದ್ದೆಯ ತಲೆ ದಿಬ್ಬಕ್ಕಿಂತ ಎರಡಿಂಚು ಮೇಲಿರಲಿ. ತುಲಾ ತಿಂಗಳ ಮಳೆ ಮುಗಿದು ನವೆಂಬರ್ ಕೊನೆಗೆ ನೆಟ್ಟರೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಬೇರು ಹೊಸ ಮಣ್ಣಿಗೆ ಇಳಿದಿರುತ್ತದೆ. ಆಗ, ಕಾಳುಮೆಣಸಿನ ಬುಡಕ್ಕೆ ಹೊಯ್ಯುವ ಹಾಗೆಯೇ, ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ ಹೊಯ್ಯಿರಿ. ಎರಡನೇ ಗಿಡಕ್ಕೆ ಇಟ್ಟ ದುಡ್ಡಿಗೆ ಹೊಯಿಗೆ ತರಿಸಿ.

‘ಕುಳ್ಳ’ ಎಂಬ ಮಾತನ್ನೂ ಸರಿಯಾಗಿ ತಿಳಿಯಬೇಕು. ಥೂಜಾ, ಪೈನ್‌ನಂಥ ಕೋನಿಫರ್‌ಗಳಲ್ಲಿ (ಶಂಕುವಿನಾಕಾರದ ಕಾಯಿ ಬಿಡುವ ಮರಗಳಲ್ಲಿ) ವರ್ಷಕ್ಕೆ 2.5ರಿಂದ 15 ಸೆಂ.ಮೀ. ಬೆಳೆಯುವುದಕ್ಕೆ ಹಾಗೆನ್ನುತ್ತಾರೆ, ಬೆಳೆಯುವುದೇ ನಿಂತುಹೋಗುವುದಕ್ಕಲ್ಲ. ನಮ್ಮಲ್ಲಿ ಚಳಿಗಾಲದ ವಿರಾಮವೂ ಇಲ್ಲ. ಮೆಟ್ಟಿಲ ಬದಿಗೆ ನೆಡುವುದಾದರೆ ಮೂರಡಿ ಬಿಡಿ.

ಇಷ್ಟು ಕಾಟ ಕೊಟ್ಟ ಗಿಡ ಮನಸ್ಸು ಗೆಲ್ಲುವುದು ಜನವರಿಯ ಬೆಳಗ್ಗೆ. ಇದರ ಚಪ್ಪಟೆ ಗರಿಗಳು ಪುಸ್ತಕದ ಹಾಳೆಗಳಂತೆ ನೆಟ್ಟಗೆ ನಿಂತಿರುತ್ತವೆ. ಒಂದೊಂದಾಗಿ ಸರಿಸಿ ಒಳಗೆ ಕೈ ಹಾಕಿದರೆ ಒಣಗಿದ ಕಂದು ತುಣುಕುಗಳು ಹಿಡಿಗಟ್ಟಲೆ ಉದುರುತ್ತವೆ. ಬೆರಳಿಗೆ ರಾಳದ ಘಮ ಹತ್ತಿ ಮಧ್ಯಾಹ್ನದವರೆಗೂ ಉಳಿಯುತ್ತದೆ. ಓರೆ ಬಿಸಿಲಿಗೆ ಗರಿಯ ತುದಿಗಳು ಹೊಂಬಣ್ಣಕ್ಕೆ ಹೊಳೆಯುವಾಗ ಈ ಕೆಲಸ ಬಿಟ್ಟೇಳಲು ಮನಸ್ಸಾಗುವುದಿಲ್ಲ. ಒಳಗೆ ಗಾಳಿಯಾಡಿದರೆ ಎಲೆರೋಗವೂ ಕಡಿಮೆ.

ಮಾರ್ಚ್‌ನಿಂದ ವಾರಕ್ಕೊಮ್ಮೆ ಒಂದು ಗರಿಯನ್ನು ಬಿಳಿ ಕಾಗದದ ಮೇಲೆ ಕೊಡವಿ. ಚುಕ್ಕೆಗಳು ಹರಿದಾಡಿದರೆ ಅದು ಕೆಂಪು ನುಸಿ. ಪೈಪಿನ ಜೋರು ನೀರನ್ನು ಗರಿಗಳ ಒಳಮೈಗೆ ಮೂರು ದಿನಕ್ಕೊಮ್ಮೆ ಹಾಯಿಸಿ. ಕತ್ತರಿಯಾಡಿಸುವುದಾದರೆ ಹಸಿರು ತುದಿಯಷ್ಟೇ. ಎಲೆಯಿಲ್ಲದ ಹಳೆ ಗೆಲ್ಲಿನವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ, ಆ ತೂತು ಹಾಗೆಯೇ ಉಳಿಯುತ್ತದೆ.

ಚಿತ್ರ ನೋಡಿ ನೀಲಿ ಸ್ಪ್ರೂಸ್, ಮ್ಯೂಗೊ ಪೈನ್ ತರಿಸಬೇಡಿ. ಅವಕ್ಕೆ ನಿಜವಾದ ಚಳಿ ಬೇಕು. ಜೂನಿಪರ್ ಬೇಕೆಂದಿದ್ದರೆ ಕುಂಡದಲ್ಲಿಡಿ. ಮಳೆಗಾಲಕ್ಕೆ ಅದನ್ನು ಸೂರಿನಡಿಗೆ ಎಳೆದುಕೊಳ್ಳಬಹುದು.